ಲೆಕ್ಕದ ನೀರು

ಬೆಳಗಿನ ಐದಕ್ಕೆ ನನ್ನ ಮೊದಲ ರೋಗಿ ನೀರು.
ಕುಂದವಾಡ ಕೆರೆಯಿಂದ ಪೈಪು ಹಿಡಿದು ಬಂದದ್ದು,
ಬೇಸಗೆಯಲ್ಲಾದರೆ ಟ್ಯಾಂಕರಿನಲ್ಲಿ ಕುಲುಕಿ ಬಂದದ್ದು,
ಬಕೆಟ್ಟಿನ ಒಡಲಿಗೆ ಬಿಳಿ ಗೆರೆ ಎಳೆದು
ಯಾವ ಕಲ್ಲಿನ ಪಕ್ಕ ಮಲಗಿತ್ತೆಂದು ತಾನೇ ಹೇಳುವಂಥದ್ದು.

ಮರಳು, ಇದ್ದಿಲು, ಆಮೇಲೆ ಕಣ್ಣಿಗೆ ಕಾಣದ ತೂತಿನ ಪೊರೆ.
ಒಂದೊಂದು ಬಾಗಿಲಲ್ಲೂ ಒಂದೊಂದು ನೆಂಟಸ್ತಿಕೆ ಬಿಡಿಸಿಕೊಂಡು
ಕೊನೆಯ ನಲ್ಲಿಯಲ್ಲಿ ಬೀಳುವ ನೀರಿಗೆ ಊರಿಲ್ಲ.
ನಾಲಿಗೆಗಿಟ್ಟರೆ ಸುಮ್ಮನಿರುತ್ತದೆ.
ಮೀಟರಿನ ಅಂಕಿ ಸೊನ್ನೆಯ ಹತ್ತಿರವೇ ಕೂತಿರುತ್ತದೆ.

ಹೈಸ್ಕೂಲಿನಲ್ಲಿ ಮೇಷ್ಟ್ರು ಬೋರ್ಡಿಗೆ ಬರೆದಿದ್ದರು:
ನಡುವೆ ಆಮ್ಲಜನಕ, ಅತ್ತಿತ್ತ ಎರಡು ಜಲಜನಕ,
ಮೊಣಕೈ ಮಡಿಸಿದ ಹಾಗೆ ಬಾಗಿ.
ಆ ಬಾಗು ತಪ್ಪಿದ್ದರೆ ಕೆರೆಯಿಲ್ಲ, ನೆತ್ತರಿಲ್ಲ,
ನಿಮ್ಮ ಈ ಗದ್ದಲವೂ ಇಲ್ಲ, ಅಂದಿದ್ದರು.
ಒಂದು ತುದಿ ಋಣ, ಇನ್ನೊಂದು ತುದಿ ಧನ;
ಇದರ ಧನ ಅದರ ಋಣಕ್ಕೆ ಆತು ನಿಲ್ಲುವುದು.
ಅಜ್ಜಿ ಹೇಳುತ್ತಿದ್ದ ಋಣಾನುಬಂಧಕ್ಕೆ
ಸೀಮೆಸುಣ್ಣದ ಚಿತ್ರ ಇರುವುದು ನನಗೆ ಗೊತ್ತಾದದ್ದು ಅಂದೇ.
ರೆಪ್ಪೆ ಬಡಿಯುವಷ್ಟರಲ್ಲಿ
ಸಾವಿರಾರು ಕೋಟಿ ಸಲ ಬಿಡುತ್ತವಂತೆ, ಮತ್ತೆ ಹಿಡಿಯುತ್ತವಂತೆ.

ಮೂರನೇ ಮಂಚ ಜೈತುನ್‌ಬಿಯದು. ಮಂಗಳವಾರ, ಶುಕ್ರವಾರ.
ಮಂಡಕ್ಕಿ ಭಟ್ಟಿಯ ಬೆಂಕಿಯೆದುರು ಮೂವತ್ತು ವರ್ಷ ಕೂತವಳು.
ಈಗ ದಿನಕ್ಕೆ ಮೂರು ಲೋಟ;
ಚಹಾ, ಸಾರು, ಮಾತ್ರೆ ನುಂಗುವ ಗುಟುಕು, ಎಲ್ಲ ಅದರೊಳಗೇ.
ಸೂಜಿ ಚುಚ್ಚಿದ ಮೇಲೆ ನಾಲ್ಕು ತಾಸು
ನೂರಿಪ್ಪತ್ತು ಲೀಟರು ನೀರು
ಎಳೆನೂಲಿನಂಥ ನಳಿಕೆಗಳ ಆಚೆ ಬದಿಗೆ
ಅವಳ ರಕ್ತವನ್ನು ಮುಟ್ಟಿಯೂ ಮುಟ್ಟದೆ ಹರಿಯುತ್ತದೆ.
"ಮಗ್ಗಲಾಗೇ ಹೊಳಿ ಹೊಂಟೈತಿ ಕೊಟ್ರೇಶಿ,
ಗಂಟಲಿಗೆ ಮಾತ್ರ ಬರಗಾಲ."

ಒಂದು ದಿನ ಕೇಳಿದಳು:
ಅಷ್ಟು ತೊಳೆದು ತೊಳೆದು, ಮತ್ತ್ಯಾಕೆ ಅದಕ್ಕೆ ಉಪ್ಪು ಕಲಸ್ತಿ?
ಬರೀ ನೀರು ಬಿಟ್ಟರೆ, ಅಂದೆ,
ರಕ್ತದ ಕಣ ಅದನ್ನು ಹೀರಿ ಹೀರಿ, ಉಬ್ಬಿ, ಒಡೆದುಬಿಡ್ತಾವಮ್ಮ.
"ಅರಳ್ತಾವನ್ನು!" ನಕ್ಕಳು.
ಜಗಳೂರು ಕಡೆಯ ಬೋರಿನ ನೀರು
ಎಳವೆಯಲ್ಲೇ ಕಂದು ಗೆರೆ ಬರೆದ ಹಲ್ಲು.
"ನಮ್ಮಾಗೂ ಹಂಗೇ ನೋಡು.
ಉಪ್ಪುನೀರು ಉಣಿಸಿದ ಅಕ್ಕಿ, ಒಳಾಗೆ ಒಂದೀಟು ಪಸಿ ಉಳೀಬೇಕು.
ಪೂರಾ ಒಣಗಿದ್ರೆ ಕಲ್ಲು. ಹೆಚ್ಚಾದ್ರೆ ಮರಳಿಗೆ ಮೆತ್ಕಂತೈತಿ.
ಹಲ್ಲಾಗೆ ಕಡಿದು ನೋಡ್ತಿದ್ದೆ, ಕಟ್ ಅಂದ್ರೂ ಒಲ್ಲೆ, ಮೆತ್ತಗಂದ್ರೂ ಒಲ್ಲೆ.
ಕಾದ ಮರಳಿಗೆ ಬಿದ್ದಾಗ
ಆ ಒಂದೀಟು ನೀರಿಗೇ ಒಳಾಗೆ ಜಾಗ ಸಾಲಂಗಿಲ್ಲ,
ಮನಿ ದೊಡ್ಡದು ಮಾಡ್ಕಂತೈತಿ."

ನನ್ನ ಡಿಪ್ಲೊಮಾಕ್ಕೆ ಮೂರು ವರ್ಷ ಹಿಡಿದಿತ್ತು.

ಎರಡನೇ ತಾಸಿಗೆ ಅವಳ ತುಟಿ ಅಂಟತೊಡಗುತ್ತದೆ.
ಹೆಬ್ಬೆರಳಿನಷ್ಟು ಐಸು ಕೊಟ್ಟು
ಇಪ್ಪತ್ತು ಎಂ.ಎಲ್. ಎಂದು ಬರೆದುಕೊಳ್ಳುತ್ತೇನೆ.
ಐಸಿನಲ್ಲಿ ಅವು ತೋಳು ಚಾಚಿ
ದೂರ ದೂರ ನಿಂತು ಕೈ ಹಿಡಿದಿರುತ್ತವೆ,
ತೇಲುವುದು ಅದಕ್ಕೇ.
ಅವಳ ಅಂಗುಳಿನ ಬಿಸಿಗೆ ಒಂದೊಂದಾಗಿ ಕೈ ಬಿಡುತ್ತವೆ.
ಕಣ್ಣು ಮುಚ್ಚಿರುತ್ತಾಳೆ. ಆಗ ಅವಳನ್ನು ಯಾರೂ ಮಾತಾಡಿಸುವುದಿಲ್ಲ.

ತೂಕದ ಮೇಲೆ ಚಪ್ಪಲಿ ಬಿಡಲು ಯಾವಾಗಲೂ ಜಗಳ.
ಎರಡು ಕಿಲೋ ನಾನೂರು ಇಳಿದಿದೆ.
"ಎಲ್ಲಿ ಹೋತದು?"
ಮೂಲೆಯ ಮೋರಿ ತೋರಿಸಿದೆ.
ಬಗ್ಗಿ ನೋಡಿದಳು, ಮನೆ ಬಿಟ್ಟು ಹೋದ ಬಾಡಿಗೆಯವರನ್ನು ನೋಡುವ ಹಾಗೆ.

ಹೋಗುವಾಗ ಪೊಟ್ಟಣ ಕೊಡುತ್ತಾಳೆ. ಮಂಡಕ್ಕಿ.
ಉಪ್ಪಿನದು, ಅವಳು ತಿನ್ನುವಂತಿಲ್ಲ.
ಮಧ್ಯಾಹ್ನ ಯಂತ್ರ ತೊಳೆಯಲು ಹಾಕಿ ಬಾಯಿಗೆಸೆದುಕೊಂಡರೆ
ಒಂದೊಂದು ಕಾಳೂ ನಾಲಿಗೆಯ ಪಸೆ ಹೀರಿ ಕುಗ್ಗುತ್ತದೆ,
ಭಟ್ಟಿಯಲ್ಲಿ ಕಳಕೊಂಡದ್ದನ್ನು ನನ್ನಿಂದ ವಸೂಲಿ ಮಾಡುವ ಹಾಗೆ.

ಬಾಯಾರುತ್ತದೆ.
ಎರಡನೇ ಪಾಳಿಯವರು ಆಗಲೇ ಮಲಗಿದ್ದಾರೆ.
ರೋಗಿಗಳೆದುರು ಇಲ್ಲಿ ನಾವು ಯಾರೂ ನೀರು ಕುಡಿಯುವುದಿಲ್ಲ.
ಸ್ಟೋರ್ ರೂಮಿಗೆ ಹೋಗಿ ಬಾಗಿಲೆಳೆದುಕೊಂಡು
ಬಾಟಲಿ ಎತ್ತುತ್ತೇನೆ.
ಗಂಟಲಿನ ಸದ್ದು ಗೋಡೆ ದಾಟದಿರಲೆಂದು
ಸಣ್ಣ ಸಣ್ಣ ಗುಟುಕು.